ಮಾಯಿಲಪ್ಪ ಗಾಡಿ ತಂದ ದಿನ

ಮಾಯಿಲಪ್ಪನಿಗೆ ಬೇಕಾಗಿದ್ದದ್ದು ಒಂದು ಕಾರು. ಸುಮ್ಮನೆ ಹೋಗಿ ತಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನು ಡಿಸೆಂಬರಿನ ಒಂದು ಬೆಳಿಗ್ಗೆ ಹಾಲಿನ ಸೊಸೈಟಿಯ ಜಗಲಿಯಲ್ಲಿ ನಿಂತು, ಕೈಯಲ್ಲಿ ಕ್ಯಾನು ಹಿಡಿದಿದ್ದ ನಾಲ್ಕು ಜನರ ಎದುರು, “ಯಾವ ಕಂಪನಿಯದು ಆಗಬಹುದು?” ಎಂದು ಬಾಯಿಬಿಟ್ಟು ಕೇಳಿದ. ಆ ಒಂದು ಪ್ರಶ್ನೆಗೆ ಉತ್ತರ ಹೇಳಲು ಊರಿಗೆ ಇಪ್ಪತ್ತೆರಡು ದಿನ ಹಿಡಿಯಿತು. ಕಾರು ಮಾತ್ರ ಬರಲಿಲ್ಲ.

ಕಲ್ಲುಮೊಟ್ಟೆ ದೊಡ್ಡ ಊರೇನಲ್ಲ. ಭಾಗಮಂಡಲದಿಂದ ಏರಿದ ರಸ್ತೆ ಗುಡ್ಡದ ನೆತ್ತಿ ದಾಟಿ, ಕಡಿದಾದ ಒಂದು ತಿರುವಿನಲ್ಲಿ ಆಚೆಗೆ ಇಳಿಯುತ್ತದೆ. ಇಳಿದಲ್ಲಿ ಹದಿನೆಂಟು ಮನೆ. ಚುನಾವಣೆಗೆ ಅಲ್ಲಿ ಎರಡೇ ಪಕ್ಷ, ಕಾರಿಗೆ ಮೂರು. ಮಾಯಿಲಪ್ಪನ ಹೆಂಡತಿ ತುಳಸಿಯ ಅಣ್ಣ ಬೆಳ್ಳಿಯಪ್ಪನದು ಮಾರುತಿ ಪಕ್ಷ. ಅವನಿಗೆ ಕಾರು ಓಡಿಸಲು ಬರುವುದಿಲ್ಲ, ಆದರೆ ಕಾರಿನ ವಿಡಿಯೋಗಳನ್ನು ನೋಡಿ ನೋಡಿ ಕಣ್ಣಿಗೆ ಕನ್ನಡಕ ಬಂದಿದೆ. ಪಕ್ಕದ ಮನೆಯ ಹೊನ್ನಮ್ಮನದು ಟಾಟಾ ಪಕ್ಷ. ನಿವೃತ್ತ ಸುಬೇದಾರ್ ದೇರಪ್ಪನವರದು ಮಹೀಂದ್ರ ಪಕ್ಷ. ಅವರ ಪ್ರಕಾರ ಜೀಪು ಬಿಟ್ಟು ಉಳಿದದ್ದೆಲ್ಲ ಮಕ್ಕಳ ಆಟಿಕೆ. ಮೂವರಲ್ಲಿ ಒಬ್ಬರ ಮನೆಯಲ್ಲೂ ಓಡುವ ಗಾಡಿಯಿಲ್ಲ. ಅಭಿಪ್ರಾಯ ಇಷ್ಟು ಗಟ್ಟಿಯಾಗಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಮೂವರಲ್ಲಿ ದೇರಪ್ಪನವರ ಮಾತಿಗೇ ತೂಕ ಜಾಸ್ತಿ. ಯಾಕೆಂದರೆ ಕೋವಿ ಇರುವುದು ಅವರ ಮನೆಯಲ್ಲಿ. ಈ ಕಡೆ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಬೆನ್ನುಬೆನ್ನಿಗೆ ಎರಡು. ಎರಡು ಕೇಳಿದರೆ ಕಾಫಿ ಕುಯ್ಯುವವರು ಚೀಲವನ್ನು ಗಿಡದ ಬುಡದಲ್ಲೇ ಬಿಟ್ಟು, ಒಲೆಯ ಮುಂದಿದ್ದವರು ಒಲೆ ಆರಿಸಿ ಹೊರಡಬೇಕು. ಕಲ್ಲುಮೊಟ್ಟೆಯಲ್ಲಿ ಆ ಎರಡನ್ನು ಹೊಡೆಯುವ ಹೊಣೆ ಇಪ್ಪತ್ತೆಂಟು ವರ್ಷದಿಂದ ದೇರಪ್ಪನವರದು. ಈಗ ಅವರಿಗೆ ಎಪ್ಪತ್ತನಾಲ್ಕು, ಬಲಗಿವಿ ಪೂರ್ತಿ ಹೋಗಿದೆ. ಒಂದೇ ಗುಂಡು ಹೊಡೆದದ್ದು ಕೊನೆಯ ಸಲ ಯಾವಾಗ ಎಂದು ಅವರಿಗೂ ನೆನಪಿಲ್ಲ.

ಇನ್ನು ಮಾಯಿಲಪ್ಪ. ಹತ್ತಿರದ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಲೈನುಮನೆಗಳ ಆಳುಗಳ ಹಾಜರಿ ತೆಗೆದು ಕಾಫಿ ಪಿಕ್ಕಿಂಗಿಗೆ ಹಚ್ಚುವುದು ಅವನ ಕೆಲಸ. ಎಂಬತ್ತು ಆಳುಗಳನ್ನು ಒಂದೇ ಉಸಿರಿನಲ್ಲಿ ಗದರಿಸುವ ಮನುಷ್ಯನಿಗೆ, ನೆರೆಮನೆಯವರು ಬಂದು ನಿಂತರೆ “ಬೇಡ” ಎನ್ನಲು ಬಾಯಿ ಬರುವುದಿಲ್ಲ.

ಕಾರು ಶೋಕಿಗೆ ಬೇಕಾಗಿರಲಿಲ್ಲ. ತುಳಸಿಯ ಎರಡೂ ಕಿಡ್ನಿ ಹೋಗಿ ಎರಡು ವರ್ಷವಾಗಿತ್ತು. ವಾರಕ್ಕೆ ಎರಡು ಸಲ ಮೈಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಹೋಗಲು ಒಂದು ದಿನ, ಬರಲು ಒಂದು ದಿನ. ವಾರದಲ್ಲಿ ನಾಲ್ಕು ದಿನ ಅವಳು ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡೇ ಇರುತ್ತಿದ್ದಳು. “ನನ್ನ ರಕ್ತ ತೊಳೆಯೋದು ನಾಲ್ಕು ಗಂಟೆ, ಕುಲುಕಿಸೋದು ಹನ್ನೆರಡು ಗಂಟೆ” ಎಂದು ಅವಳೇ ನಗುತ್ತಿದ್ದಳು. ಕೇಳಿದವರಿಗೆ ನಗು ಬರುತ್ತಿರಲಿಲ್ಲ.

ಎಂಟು ತಿಂಗಳು ಕಾದ ಮೇಲೆ ಮಡಿಕೇರಿಯಲ್ಲಿ ಒಂದು ಟ್ರಸ್ಟಿನವರು ನಡೆಸುವ ಕೇಂದ್ರದಲ್ಲಿ ಜಾಗ ಸಿಕ್ಕಿತ್ತು. ಅಲ್ಲಿ ಯಂತ್ರ ನೋಡಿಕೊಳ್ಳುವ ಶೋಭಿತಾ ಹೊನ್ನಮ್ಮನ ಮಗಳು. “ಸೋಮವಾರ, ಗುರುವಾರ. ಬೆಳಿಗ್ಗೆ ಆರೂವರೆಗೆ ಮಂಚದ ಮೇಲೆ ಇರಬೇಕು ಮಾವ. ಮೊದಲ ದಿನವೇ ಬರಲಿಲ್ಲ ಅಂದ್ರೆ ಜಾಗ ಮುಂದಿನವರಿಗೆ ಹೋಗ್ತದೆ” ಎಂದು ಮೊದಲೇ ಹೇಳಿದ್ದಳು. ಕಲ್ಲುಮೊಟ್ಟೆಯ ಮೊದಲ ಬಸ್ಸು ಏಳೂಕಾಲಕ್ಕೆ. ಊರಿನ ಬಾಡಿಗೆ ಗಾಡಿಗಳೆಲ್ಲ ಮಾಲೆ ಹಾಕಿದವರನ್ನು ಕರೆದುಕೊಂಡು ಶಬರಿಮಲೆಗೆ ಹೋಗಿದ್ದವು. ಭಾಗಮಂಡಲದ ಆಟೋದವರು ನಸುಕಿನಲ್ಲಿ ಗುಡ್ಡ ಹತ್ತುವುದಿಲ್ಲ. ಪಿಕ್ಕಿಂಗ್ ಕಾಲದಲ್ಲಿ ಎಸ್ಟೇಟಿನ ಪಿಕಪ್ ಅನ್ನು ದೇವರು ಕೇಳಿದರೂ ಕೊಡುವುದಿಲ್ಲ. ಹೀಗೆ ದಿನ ಕಳೆದು ಬುಧವಾರ ಬಂತು. ಗುರುವಾರ ತುಳಸಿಯ ಮೊದಲ ದಿನ. ಕಾರು ಅವತ್ತೇ ಬರಬೇಕಾಗಿತ್ತು.

ತುಳಸಿಗೆ ಕಂಪನಿಯ ಯೋಚನೆಯೇ ಇರಲಿಲ್ಲ. “ಹತ್ತಲು ಎತ್ತರ ಬೇಡ. ಬರುವಾಗ ಒರಗಲಿಕ್ಕೆ ಸೀಟು ಹಿಂದೆ ಹೋಗಬೇಕು. ಕಾಲ ಹತ್ತಿರ ಒಂದು ಬಕೆಟ್ ಇಡಲು ಜಾಗ ಇರಲಿ, ವಾಂತಿ ಹೇಳಿ ಕೇಳಿ ಬರೋದಿಲ್ಲ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಮತ್ತೆ ಸದ್ದು ಮಾಡಬಾರದು. ಡಯಾಲಿಸಿಸ್ ಮುಗಿದ ಮೇಲೆ ಯಾರು ಕೆಮ್ಮಿದರೂ ತಲೆ ಸಿಡೀತದೆ” ಎಂದಳು. ಇಪ್ಪತ್ತೆರಡು ದಿನದಲ್ಲಿ ಕಾರಿನ ಬಗ್ಗೆ ಊರಿನಲ್ಲಿ ಆಡಿದ ಮಾತುಗಳಲ್ಲಿ ತಲೆಯಿದ್ದ ಮಾತು ಇದೊಂದೇ.

ಮಾಯಿಲಪ್ಪ ಒಂದು ದಿನದ ರಜೆ ಹಾಕಿ ಬಸ್ಸಿಗೆ ನಿಂತ. ಬೆಳ್ಳಿಯಪ್ಪ ಕರೆಯದಿದ್ದರೂ ಇಸ್ತ್ರಿ ಅಂಗಿ ಹಾಕಿ ಬಂದಿದ್ದ. ಹೊನ್ನಮ್ಮ ಹೊಸಿಲಿನಿಂದಲೇ ಕೂಗಿದಳು: “ಟಾಟಾ ತಕೋ ತಮ್ಮ! ನಲವತ್ತು ವರ್ಷದಿಂದ ಅವರ ಉಪ್ಪು ತಿಂತಾ ಇದ್ದೇನೆ, ಒಂದು ದಿನ ಮೋಸ ಇಲ್ಲ!” ದೇರಪ್ಪನವರು ಬಸ್ಸಿನ ಮೆಟ್ಟಿಲವರೆಗೂ ಬಂದು, ತಿರುವಿನ ಕಲ್ಲು ತೋರಿಸಿ, “ತಗ್ಗಿನ ಕಾರು ತಂದರೆ ಆ ಕಲ್ಲು ಹೊಟ್ಟೆ ಬಗೀತದೆ, ನೆನಪಿಟ್ಟುಕೋ” ಎಂದರು.

ಮಡಿಕೇರಿಯಲ್ಲಿ ಹಳೆ ಕಾರು ಮಾರುವ ಮಿಲನ್ ಎಂಬ ಹುಡುಗನ ಅಂಗಳದಲ್ಲಿ ಒಂಬತ್ತು ಕಾರು ನಿಂತಿದ್ದವು. ಮೂಲೆಯಲ್ಲಿದ್ದ ಬೆಳ್ಳಿ ಬಣ್ಣದ ಚಿಕ್ಕ ಹ್ಯುಂಡೈ ಕಾರಿನ ಬಾಗಿಲು ತೆರೆದ ಕೂಡಲೇ ಮಾಯಿಲಪ್ಪನಿಗೆ ಇದೇ ಎನಿಸಿತು. ಅವನು ಸ್ಟಿಯರಿಂಗ್ ಮುಟ್ಟಲೇ ಇಲ್ಲ. ಮುಂದಿನ ಎಡಗಡೆ ಸೀಟಿನಲ್ಲಿ ಕುಳಿತು, ಅದನ್ನು ಹಿಂದಕ್ಕೆ ಒರಗಿಸಿ, ಎಡಗೈಯನ್ನು ತುಳಸಿ ಚಾಚುವ ಹಾಗೆ ಚಾಚಿ ಕಣ್ಣು ಮುಚ್ಚಿದ. ಮಿಲನ್ ಇಂಜಿನ್ ಚಾಲೂ ಮಾಡಿ ಅಂಗಳದಲ್ಲಿ ಒಂದು ಸುತ್ತು ಹಾಕಿದ. ಒಳಗೆ ಪೂಜೆಯ ಕೋಣೆಯ ಹಾಗೆ ನಿಶ್ಶಬ್ದ.

“ಸರ್, ಹುಷಾರಿದ್ದೀರಾ?” ಎಂದ ಮಿಲನ್ ಗಾಬರಿಯಿಂದ.

“ಇದೇ ಆಗಬಹುದು” ಎಂದ ಮಾಯಿಲಪ್ಪ, ಕಣ್ಣು ಮುಚ್ಚಿಕೊಂಡೇ.

ಬೆಳ್ಳಿಯಪ್ಪ ಅಷ್ಟರಲ್ಲಿ ನಾಲ್ಕೂ ಚಕ್ರಕ್ಕೆ ಒದ್ದು ಮುಗಿಸಿದ್ದ. “ಬಾವ, ಅವಸರ ಬೇಡ. ಈ ಕಂಪನಿ ನಮ್ಮ ಊರಲ್ಲಿ ಯಾರೂ ಹೇಳಲಿಲ್ಲವಲ್ಲ” ಎಂದು ಫೋನು ತೆಗೆದ. ಅದು ನಿಜವೇ. ಆ ಕಾರಿನ ದೋಷ ಅದೊಂದೇ: ಕಲ್ಲುಮೊಟ್ಟೆಯ ಮೂರು ಪಕ್ಷದಲ್ಲಿ ಯಾವುದಕ್ಕೂ ಅದು ಸೇರಿರಲಿಲ್ಲ.

ಫೋನಿನ ಆ ಕಡೆ ಹೊನ್ನಮ್ಮ, ಅವಳ ಅಂಗಳದಲ್ಲಿ ದೇರಪ್ಪನವರು. ಸ್ಪೀಕರಿನಲ್ಲಿ ಇಬ್ಬರ ದನಿಯೂ ಮಡಿಕೇರಿಗೆ ಕೇಳಿತು. “ಕಲ್ಲು! ತಿರುವಿನ ಕಲ್ಲು!” ಎಂದು ಸುಬೇದಾರರು. “ಬೆಳ್ಳಿ ಬಣ್ಣ ಬೇಡ, ಧೂಳು ಕಾಣ್ತದೆ” ಎಂದು ಹೊನ್ನಮ್ಮ. “ಧೂಳು ಎಂತ ಬಣ್ಣಕ್ಕೂ ಕಾಣ್ತದೆ ಅಕ್ಕ, ನೀವು ಪಾರ್ಟ್ಸ್ ವಿಷಯ ಮಾತಾಡಿ” ಎಂದು ಬೆಳ್ಳಿಯಪ್ಪ. ಚರ್ಚೆ ಮುಕ್ಕಾಲು ಗಂಟೆ ನಡೆಯಿತು. ಅದರ ನಡುವೆ ಸೋಮವಾರಪೇಟೆಯ ಮೇಷ್ಟ್ರೊಬ್ಬರು ಬಂದು, ಆ ಕಾರಿನ ಸುತ್ತ ಒಂದು ಸಲ ನಡೆದು, ಯಾರನ್ನೂ ಏನೂ ಕೇಳದೆ ಅದನ್ನು ಕೊಂಡು ಓಡಿಸಿಕೊಂಡು ಹೋದರು. ಕಾರು ಗೇಟು ದಾಟುವಾಗ ಮಾಯಿಲಪ್ಪ ಅದರ ಎಡಗಡೆ ಸೀಟನ್ನೇ ನೋಡುತ್ತಿದ್ದ. ಅದು ಇನ್ನೂ ಅವನು ಒರಗಿಸಿದ ಹಾಗೆಯೇ ಇತ್ತು.

“ಉಳಿದದ್ದಕ್ಕೆಲ್ಲ ಕಾಗದಪತ್ರ ಆಗಲಿಕ್ಕೆ ನಾಲ್ಕು ದಿನ ಬೇಕು ಸರ್” ಎಂದ ಮಿಲನ್. “ಇವತ್ತೇ ಬೇಕು ಅಂದ್ರೆ ಕುಶಾಲನಗರದ ಆಚೆ ಒಬ್ಬರ ಜೀಪು ಉಂಟು. ತುರ್ತಾಗಿ ಮಾರ್ತಾ ಇದ್ದಾರೆ.”

ಜೀಪು ಎಂಬ ಮಾತು ಫೋನಿನೊಳಗಿಂದ ದೇರಪ್ಪನವರ ಎಡಗಿವಿಗೆ ಬಿತ್ತು. ಅವರು ಹಾಕಿದ ಜಯಘೋಷಕ್ಕೆ ಮಿಲನ್ ಎರಡು ಹೆಜ್ಜೆ ಹಿಂದೆ ಸರಿದ.

ಜೀಪಿನ ಯಜಮಾನ ಸತೀಶ್, ಹಾರಂಗಿ ಹಿನ್ನೀರಿನ ಕಡೆ ಶುಂಠಿ ಬೆಳೆಯುವವನು. ಹಾಸನದಿಂದ ಬಂದು ನೆಲೆಸಿದ ಮನೆತನ. ಆ ಊರಿಗೂ ಬಸ್ಸು ಅಪರೂಪವೇ. ಇಬ್ಬರೂ ಆಟೋದಲ್ಲಿ ತಲುಪುವಾಗ ಎರಡು ಗಂಟೆ. ಜೀಪು ಹಲಸಿನ ಮರದ ಕೆಳಗೆ ನಿಂತಿತ್ತು. ನೆಲದಿಂದ ಸೊಂಟದಷ್ಟು ಎತ್ತರ. ಸೀಟು ಎಂದರೆ ರೆಕ್ಸಿನ್ ಹೊದಿಸಿದ ಹಲಗೆ.

“ಇದು ಯಾವ ಕಂಪನಿ?” ಎಂದು ಬೆಳ್ಳಿಯಪ್ಪ ಕನ್ನಡಕ ಏರಿಸಿದ.

“ಎಲ್ಲಾ ಕಂಪನೀದೂ ಐತೆ ಕಣಣ್ಣಾ” ಎಂದ ಸತೀಶ್, ಮುಚ್ಚುಮರೆಯಿಲ್ಲದೆ. “ಬಾಡಿ ಒಬ್ರುದು, ಇಂಜಿನ್ ಇನ್ನೊಬ್ರುದು, ಗೇರ್‌ಬಾಕ್ಸ್ ಯಾರ್ದೋ ಏನೋ. ಕೂಡ್ಸಿದ್ದು ನಮ್ಮೂರ ವೆಲ್ಡಿಂಗ್ ಅಂಗ್ಡಿಯೋನು. ಗುಡ್ಡ ಮಾತ್ರ ಮೇಕೆ ಹತ್ತಿದಂಗೆ ಹತ್ತತದೆ.”

“ನೋಡಿ ಬಾವ!” ಎಂದು ಬೆಳ್ಳಿಯಪ್ಪ ಅರಳಿದ. “ಊರಲ್ಲಿ ಇನ್ನು ಜಗಳವೇ ಇಲ್ಲ. ಎಲ್ಲರದ್ದೂ ಒಂದೊಂದು ಭಾಗ ಬಂತು.”

ಮಾಯಿಲಪ್ಪ ಜೀಪನ್ನು ನೋಡಿದ. ಹತ್ತಲು ಏಣಿ ಬೇಕು, ಒರಗಲು ಜಾಗವಿಲ್ಲ, ಬಕೆಟ್ ಇಟ್ಟರೆ ಮೊದಲ ತಿರುವಿನಲ್ಲೇ ರಸ್ತೆಗೆ ಹಾರುತ್ತದೆ. ಆಗದು ಎನ್ನಬೇಕು ಎಂದು ಅವನು ಬಾಯಿ ತೆರೆದ. ಅವನು ಅದನ್ನು ಹೇಳಿಯೇ ಬಿಡುತ್ತಿದ್ದ. ಆಗ ಜಗಲಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಸತೀಶನ ತಾಯಿ ನಿಂಗಮ್ಮ ಕೈಸನ್ನೆ ಮಾಡಿ ಕರೆದಳು.

“ತಕೋ ಮಗಾ” ಎಂದಳು. “ಒಳ್ಳೆ ಗಾಡಿ. ನಾನು ನಾಳಿದ್ದು ಮೈಸೂರಿಗೆ ಮಗಳ ಮನೆಗೆ ಹೊರಟೋಯ್ತೀನಿ. ಆಮೇಲೆ ಇದು ಇವನಿಗ್ಯಾಕೆ?”

ಕೈ ಚಾಚಿದಾಗ ಕಂಬಳಿ ಜಾರಿತು. ಎಡಗೈಯ ಚರ್ಮದ ಕೆಳಗೆ ಹಗ್ಗ ಮಲಗಿದ ಹಾಗೆ ಉಬ್ಬಿದ ನರ, ಅದರ ಮೇಲೆ ಎರಡು ಹತ್ತಿಯ ಪಟ್ಟಿ. ಮಾಯಿಲಪ್ಪನಿಗೆ ಆ ಕೈ ಗೊತ್ತು. ಅಂಥದೇ ಕೈಯನ್ನು ಅವನು ಎರಡು ವರ್ಷದಿಂದ ಬಸ್ಸಿನಲ್ಲಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಾನೆ. ನಾಳೆಯಿಂದ ತನಗೆ ಮೈಸೂರಿನ ಹಾದಿ ತಪ್ಪಿತು ಎಂದು ಬೆಳಗಿನಿಂದ ಒಳಗೊಳಗೇ ಪಡುತ್ತಿದ್ದ ಸಂತೋಷಕ್ಕೆ ಅವನಿಗೇ ನಾಚಿಕೆಯಾಯಿತು. ಯಾವುದಕ್ಕೆ ಗಾಡಿ ಎಂದು ಸತೀಶ್ ಕೇಳಿದಾಗ ಸತ್ಯ ಹೇಳಲಾಗದೆ, “ಎ... ಎಸ್ಟೇಟ್ ಕೆಲಸಕ್ಕೆ” ಎಂದ. ಚೌಕಾಸಿ ಮಾಡದೆ ಕೀಲಿ ತೆಗೆದುಕೊಂಡ.

ಜೀಪು ಗುಡ್ಡವನ್ನು ಮೇಕೆಯ ಹಾಗೆಯೇ ಹತ್ತಿತು. ಇಳಿಯುವಾಗ ಮಾತ್ರ ಆಗಾಗ ಬಿಕ್ಕಳಿಸುತ್ತಿತ್ತು. ಮಡಿಕೇರಿ ದಾಟಿ ಭಾಗಮಂಡಲ ಮುಟ್ಟುವಾಗ ಮಾಯಿಲಪ್ಪನ ಬೆನ್ನುಮೂಳೆ ಒಂದೊಂದಾಗಿ ಎಣಿಸಲು ಬರುವ ಹಾಗಾಗಿತ್ತು. ಹಾಸಿಗೆ ಮಡಚಿ ಸೀಟಿನ ಮೇಲೆ ಹಾಸಬೇಕು, ಬಕೆಟನ್ನು ಹಗ್ಗದಲ್ಲಿ ಕಟ್ಟಬೇಕು, ಬೆಳಿಗ್ಗೆ ನಾಲ್ಕಕ್ಕೇ ಹೊರಟು ನಿಧಾನಕ್ಕೆ ಹೋಗಬೇಕು ಎಂದೆಲ್ಲ ಅವನು ಯೋಚಿಸುತ್ತಿದ್ದ. ಹೇಗೂ ಆಗಲಿ, ಆರೂವರೆಗೆ ಅವಳು ಆ ಮಂಚದ ಮೇಲೆ ಇರುತ್ತಾಳೆ. ಅಷ್ಟು ಸಾಕು. ಮೊದಲ ಒಂದು ವಾರ ಮೈಸೂರಿನವರೂ ಅವಳ ಹೆಸರು ತೆಗೆಯುವುದಿಲ್ಲ ಎಂದಿದ್ದರು, ಆದರೆ ಅದು ಇನ್ನು ಬೇಕಾಗಲಾರದು. ಬೆಳ್ಳಿಯಪ್ಪ, “ಹೊಸ ಗಾಡಿಗೆ ಹೂವು ಹಾಕದೆ ಊರಿಗೆ ತರಬಾರದು. ನೀವು ಹೋಗಿ ಬಾವ, ನಾನು ದೊಡ್ಡ ಹಾರ ಒಂದು ಕಟ್ಟಿಸಿಕೊಂಡು ಆಟೋದಲ್ಲಿ ಬರ್ತೇನೆ” ಎಂದು ಇಳಿದುಕೊಂಡ.

ಸೂರ್ಯ ಇಳಿಯುವ ಹೊತ್ತಿಗೆ ಮಾಯಿಲಪ್ಪ ಗುಡ್ಡದ ನೆತ್ತಿ ದಾಟಿದ. ಕೆಳಗೆ ಹದಿನೆಂಟು ಮನೆಯ ಹೊಗೆ ಕಾಣುತ್ತಿತ್ತು. ಕಡಿದಾದ ತಿರುವು ಬಂತೆಂದು ಆಕ್ಸಿಲರೇಟರಿನಿಂದ ಕಾಲು ಎತ್ತಿದ. ಜೀಪು ಒಂದು ಸಲ ಉಸಿರು ಕಟ್ಟಿತು. ಆಮೇಲೆ ಹಿಂದಿನ ಕೊಳವೆಯಿಂದ “ಢಂ!” ಎಂದಿತು. ಮಾಯಿಲಪ್ಪ ಬೆಚ್ಚಿ ಬ್ರೇಕು ಒತ್ತುವಷ್ಟರಲ್ಲಿ ಇನ್ನೊಂದು ಸಲ, “ಢಂ!”

ಎದುರಿನ ಗುಡ್ಡ ಎರಡನ್ನೂ ತಿರುಗಿ ಹೇಳಿತು. ಜೀಪು ನಿಂತುಹೋಯಿತು.

ಅವನು ಶಾಪ ಹಾಕುತ್ತ ಇಳಿದು ಬಾನೆಟ್ ಎತ್ತಿದ. ಎಸ್ಟೇಟಿನ ಟ್ರ್ಯಾಕ್ಟರ್ ಓಡಿಸಿ ಗೊತ್ತೇ ಹೊರತು ಮೂರು ಕಂಪನಿ ಕೂಡಿದ ಇಂಜಿನ್ ಅವನು ಕಂಡವನಲ್ಲ. ಆ ತಿರುವಿನಲ್ಲಿ ಫೋನಿಗೆ ರೇಂಜೂ ಇಲ್ಲ. ಒಂದು ವೈರು ಎಳೆದ, ಇನ್ನೊಂದು ತಿರುಚಿದ, ಕೈಯೆಲ್ಲ ಕಪ್ಪು ಮಾಡಿಕೊಂಡ. ಹದಿನೈದು ನಿಮಿಷ ಹೀಗೆ ಹೋಗಿರಬಹುದು.

ಆಗ ಕೆಳಗಿನಿಂದ, ಊರಿನ ನಡುವಿನಿಂದ, ದೇರಪ್ಪನವರ ಕೋವಿ ಎರಡು ಸಲ ಗುಡುಗಿತು. ಬೆನ್ನುಬೆನ್ನಿಗೆ.

ಮಾಯಿಲಪ್ಪನ ಕೈಯಿಂದ ಸ್ಪ್ಯಾನರ್ ಬಿತ್ತು. ಹದಿನೆಂಟು ಮನೆಯಲ್ಲಿ ಹೋಗುವಂಥವರು ಯಾರಿದ್ದಾರೆ ಎಂದು ಲೆಕ್ಕ ಹಾಕಬೇಕಾದ ಅಗತ್ಯವೇ ಇರಲಿಲ್ಲ. ಬೆಳಿಗ್ಗೆ ಅವಳು ಬಾಗಿಲಿಗೆ ಬಂದಿದ್ದಳೇ? ಅವನು ತಿರುಗಿ ನೋಡಿದ್ದನೇ? ಬಸ್ಸಿನ ಮೆಟ್ಟಿಲಲ್ಲಿ ಕಲ್ಲಿನ ವಿಷಯ ಕೇಳುತ್ತ ನಿಂತಿದ್ದ, ಅಷ್ಟೇ ನೆನಪು. ಇಪ್ಪತ್ತೆರಡು ದಿನ ಕಂಪನಿ, ಕಲ್ಲು, ಬಣ್ಣ ಎಂದು ಕಳೆದೆನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಜೀಪಿನ ಬಾನೆಟ್ ಮುಚ್ಚದೆ ಅವನು ಇಳಿಜಾರಿನಲ್ಲಿ ಓಡಿದ.

ಅವನ ಮನೆಯ ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ ಸೇರಿಯಾಗಿತ್ತು. ಪಿಕ್ಕಿಂಗಿನಿಂದ ನೇರ ಬಂದವರ ಸೊಂಟದಲ್ಲಿ ಚೀಲ ಹಾಗೆಯೇ ಇತ್ತು. ಯಾರೋ ಬೆಂಚು ತಂದು ಹಾಕಿದ್ದರು. ಮನೆಯ ಹಿಂದೆ ಮರ ಕಡಿಯುವ ಮೆಷಿನ್ ಕಿರುಚುತ್ತಿತ್ತು. ಚಿತೆಗೆ ಮಾವಿನ ಸೌದೆ ಬೇಕಲ್ಲ. ಮಾಯಿಲಪ್ಪ ಬಂದದ್ದು ಕಂಡು ಜನ ದಾರಿ ಬಿಟ್ಟರು. ಒಬ್ಬರು ಭುಜ ಹಿಡಿದರು, ಇನ್ನೊಬ್ಬರು ತಲೆ ತಗ್ಗಿಸಿದರು. ಜಗಲಿಯಲ್ಲಿ ಹೊನ್ನಮ್ಮ ಬಿಳಿ ಸೀರೆ ಉಟ್ಟ ಒಬ್ಬಳನ್ನು ತಬ್ಬಿಕೊಂಡು ಬಾಯಿ ಬಡಿದುಕೊಂಡು ಅಳುತ್ತಿದ್ದಳು. ಅಷ್ಟು ನೋಡಿದ ಮಾಯಿಲಪ್ಪ ಅಂಗಳದ ನಡುವೆ ಕುಸಿದು ಕುಳಿತು, ಕಪ್ಪಾದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಐವತ್ತು ವರ್ಷದ ಗಂಡಸು ಮಗುವಿನ ಹಾಗೆ ಅತ್ತ.

ಬಿಳಿ ಸೀರೆಯವಳು ಹೊನ್ನಮ್ಮನಿಂದ ಬಿಡಿಸಿಕೊಂಡು ಇಳಿದು ಬಂದಳು. ಅವನ ಪಕ್ಕ ಕುಳಿತು ಬೆನ್ನು ಸವರಿದಳು. ಅವಳೂ ಅಳುತ್ತಿದ್ದಳು.

“ಅಳಬೇಡಿ, ಹಣೆಯಲ್ಲಿ ಬರೆದದ್ದು ಯಾರು ತಪ್ಪಿಸ್ತಾರೆ” ಎಂದಳು. ಮತ್ತೆ ಮೂಗೊರೆಸಿಕೊಂಡು ಮೆಲ್ಲಗೆ, “ಅದಿರಲಿ, ಹೋದದ್ದು ಯಾರು?” ಎಂದಳು.

ಮಾಯಿಲಪ್ಪ ಮುಖ ಎತ್ತಿದ. ತುಳಸಿ.

“ಹೊನ್ನಮ್ಮಕ್ಕ ಬಂದವಳೇ ತಬ್ಬಿಕೊಂಡು ಅಳೋದು, ಹೆಸರು ಹೇಳೋದಿಲ್ಲ” ಎಂದಳು ತುಳಸಿ. “ಎರಡು ಗುಂಡು ಕೇಳಿದ ಕೂಡಲೇ ದೇರಪ್ಪಣ್ಣನೇ ಹೋದ್ರು ಅಂತ ನಾನು ಬಿಳಿ ಸೀರೆ ಉಟ್ಟು ಹೊರಟಿದ್ದೆ.”

ಜಗಲಿಯಲ್ಲಿ ಹೊನ್ನಮ್ಮನ ಅಳು ಅರ್ಧದಲ್ಲೇ ನಿಂತಿತು. ಕತ್ತಲಲ್ಲಿ, ಕಣ್ಣೀರಿನಲ್ಲಿ, ತಾನು ಇಷ್ಟು ಹೊತ್ತು ತಬ್ಬಿದ್ದು ಸಾವಿಗೆ ಬಂದ ಯಾರೋ ನೆಂಟರವಳನ್ನು ಎಂದುಕೊಂಡಿದ್ದ ಅವಳು, “ಅಯ್ಯೋ! ನೀನೇ ಅಲ್ವೇನೇ ಹೋದದ್ದು!” ಎಂದು ಚೀರಿದಳು. ಅದೇ ಹೊತ್ತಿಗೆ ಮನೆಯ ಹಿಂದೆ, ಹತ್ತು ವರ್ಷದಿಂದ ಫಲ ಕೊಡುತ್ತಿದ್ದ ಮಾವಿನ ಮರ ಮುರಿದುಬಿತ್ತು.

ವಿಚಾರಣೆ ಅಂಗಳದಲ್ಲೇ ನಡೆಯಿತು. ದೇರಪ್ಪನವರು ಕೋವಿ ಹಿಡಿದೇ ಹೇಳಿಕೆ ಕೊಟ್ಟರು. “ಮೊದಲಿನ ಎರಡು ನಾನಲ್ಲ. ನನಗೆ ಕೇಳಲೂ ಇಲ್ಲ, ಮನೆಯವಳು ಹೇಳಿದಳು. ನಾನಿರುವಾಗ ಬೇರೆ ಯಾರೋ ಹೊಡೆದರಲ್ಲ ಅಂತ ಹೊರಗೆ ಬಂದರೆ ಜನ ಎಲ್ಲ ಈ ಮನೆ ಕಡೆ ಹೊರಟಿದ್ದಾರೆ. ಯಾರು ಅಂತ ಕೇಳಿದೆ, ತುಳಸಿ ಅಂದರು. ಮತ್ತೆ ಎಂತ ಮಾಡೋದು? ನಮ್ಮ ಹುಡುಗಿ, ಕ್ರಮ ಪ್ರಕಾರ ಆಗಲಿ ಅಂತ ಸರಿಯಾಗಿ ಎರಡು ಹೊಡೆದೆ.” ಮೊದಲಿನದು ಗುಂಡೋ ಅಲ್ಲವೋ ಎಂದು ಅನುಮಾನದಲ್ಲಿದ್ದ ನಾಲ್ಕಾರು ಮನೆಯವರು ಅವರ ಕೋವಿಯ ಎರಡನ್ನು ಕೇಳಿದ ಮೇಲೆಯೇ ಹೊರಟದ್ದಂತೆ.

“ಹಾಗಾದರೆ ಮೊದಲು ಹೊಡೆದದ್ದು ಯಾರು?” ಎಂದರು ಎಲ್ಲರೂ.

ಮಾಯಿಲಪ್ಪ ತಿರುವಿನ ಕಡೆಗೆ ನೋಡಿದ. “ನನ್ನ ಜೀಪು” ಎಂದ.

ಆಮೇಲೆ ಅಂಗಳ ನಗುವಿನಲ್ಲಿ ಬಿರಿಯಿತು. ಅಳಲು ಬಂದವರ ನಗು ಬೇಗ ನಿಲ್ಲುವುದಿಲ್ಲ. ಆ ನಡುವೆ ಬೆಳ್ಳಿಯಪ್ಪ, ಭಾಗಮಂಡಲದಲ್ಲೇ ಸುದ್ದಿ ಕೇಳಿ, ಜೀಪಿಗೆಂದು ಕಟ್ಟಿಸಿದ ಹಾರವನ್ನು ಎದೆಗೆ ಅವಚಿಕೊಂಡು, “ತಂಗೀ...” ಎಂದು ಕೂಗುತ್ತ ಆಟೋದಿಂದ ಇಳಿದ. ಕಾಫಿಯ ಲೋಟ ಹಿಡಿದು ಬಂದ ತಂಗಿಯನ್ನು ಕಂಡು ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ತನ್ನ ಕೊರಳಿಗೇ ಹಾಕಿಕೊಂಡ. ಮಾಯಿಲಪ್ಪ ತುಳಸಿಯ ಮುಖವನ್ನೇ ನೋಡುತ್ತಿದ್ದ. ಇಷ್ಟು ಸುಖದ ಸಂಜೆ ಅವನ ಬದುಕಿನಲ್ಲಿ ಹಿಂದೆ ಬಂದಿರಲಿಲ್ಲ.

ನಗದೆ ನಿಂತಿದ್ದವಳು ಹೊನ್ನಮ್ಮ ಒಬ್ಬಳೇ. ಅವಳ ಕೈ ಸೊಂಟದ ಫೋನನ್ನು ಹುಡುಕುತ್ತಿತ್ತು.

“ತಮ್ಮ” ಎಂದಳು. “ಮೊದಲ ಸದ್ದು ಕೇಳಿದ ಕೂಡಲೇ ನಾನು ಶೋಭಿತಾಗೆ ಫೋನು ಮಾಡಿಬಿಟ್ಟೆ.”

ಶೋಭಿತಾ ಫೋನಿನಲ್ಲಿ ಮೊದಲು ನಂಬಲಿಲ್ಲ. ತುಳಸಿಯ ದನಿ ಕೇಳಿ ಗೊಳೋ ಎಂದು ಅತ್ತಳು. ಅಳು ನಿಂತ ಮೇಲೆ ಅವಳ ದನಿ ಸಣ್ಣದಾಯಿತು. “ಮಾವ, ನಾನು ಹೆಸರು ತೆಗೆದಾಯ್ತು. ನಾಳೆ ಬೆಳಗಿನ ಜಾಗ ಖಾಲಿ ಬಿಡುವ ಹಾಗಿಲ್ಲ, ಮುಂದಿನವರಿಗೆ ಹೇಳಿಯೂ ಆಯ್ತು. ಕಾರಣದ ಕಾಲಂನಲ್ಲಿ ಮರಣ ಅಂತ ಹಾಕಿದ್ದೇನೆ. ಹಾಗೆ ಹಾಕಿದ ಮೇಲೆ ವಾಪಸ್ ತರಲಿಕ್ಕೆ ಕಂಪ್ಯೂಟರಿನಲ್ಲಿ ದಾರಿ ಇಲ್ಲ. ಹೊಸದಾಗಿ ಅರ್ಜಿ ಹಾಕಿ ಕೊನೆಯಲ್ಲಿ ನಿಲ್ಲಬೇಕು. ಈಗ ಹದಿನೇಳು ಜನ ಇದ್ದಾರೆ.” ಆಮೇಲೆ, “ಮುಂದಿನವರೇ ಬೇಡ ಅಂತ ಬಿಟ್ಟುಕೊಟ್ಟರೆ ಮಾತ್ರ ಏನಾದರೂ ಮಾಡಬಹುದು” ಎಂದಳು.

ಸತ್ತಿದ್ದಾಳೆಂದು ಬಂದಾಗ ಅಷ್ಟು ಮಾತಾಡಿದವರಿಗೆ ಈಗ ಒಂದು ಮಾತೂ ಹೊಳೆಯಲಿಲ್ಲ.

“ಬಿಟ್ಟುಕೊಡಿ ಅಂತ ಕೇಳೋಣ. ಅವರೂ ಮನುಷ್ಯರಲ್ವಾ?” ಎಂದರು ದೇರಪ್ಪನವರು ಕೊನೆಗೆ. ಮಾಯಿಲಪ್ಪನಿಗೂ ಅದೇ ಸರಿ ಎನಿಸಿತು. ಹೆಸರು, ನಂಬರು ಕೇಳಬೇಕೆಂದು ಅವನು ಫೋನು ತೆಗೆಯುವಷ್ಟರಲ್ಲಿ ಅದೇ ಬಡಿದುಕೊಂಡಿತು. ಸತೀಶ್.

“ಅಣ್ಣಾ, ತಪ್ಪು ತಿಳ್ಕಬ್ಯಾಡಿ” ಎಂದಿತು ಆ ಕಡೆಯ ದನಿ, ಸಂತೋಷಕ್ಕೆ ನಡುಗುತ್ತ. “ಜೀಪು ವಾಪಸ್ ಕೊಡ್ತೀರಾ? ನಿಮ್ಮ ದುಡ್ಡು ಮುಟ್ಟೇ ಇಲ್ಲ, ಹಂಗೇ ಐತೆ. ನಮ್ಮವ್ವನಿಗೆ ಮಡಿಕೇರೀಲಿ ಡಯಾಲಿಸಿಸ್‌ಗೆ ಹೆಸರು ಬರ್ಸಿ ಏಳು ತಿಂಗ್ಳು ಆಗಿತ್ತು. ಆಸೆ ಬಿಟ್ಟೇ ಗಾಡಿ ಮಾರಿದ್ದು. ಈಗ ಫೋನ್ ಬಂತು ಕಣಣ್ಣಾ, ನಾಳೆ ಬೆಳಿಗ್ಗೇನೇ ಬನ್ನಿ ಅಂತ. ಆ ಹೊತ್ನಲ್ಲಿ ಇಲ್ಲಿಂದ ಬಸ್ಸಿಲ್ಲ. ನಿಮಗೇನು, ಎಸ್ಟೇಟ್ ಕೆಲಸಕ್ಕೆ ತಾನೆ, ನಾಲ್ಕು ದಿನ ತಡ ಆದ್ರೂ ನಡೀತದೆ.”

ಬೆಳ್ಳಿಯಪ್ಪ ಕೊರಳ ಹಾರದೊಳಗಿಂದಲೇ, “ಹೇಳಿ ಬಾವ, ಅದು ನಮ್ಮ ಜಾಗ ಅಂತ ಹೇಳಿ” ಎಂದು ಪಿಸುಗುಟ್ಟಿದ. ಮಾಯಿಲಪ್ಪ ಬಾಯಿ ತೆರೆದ.

“ಯಾರೋ ಹೆಣ್ಮಗಳು ತೀರ್ಕೊಂಡ್ರಂತೆ, ಪಾಪ” ಎಂದ ಸತೀಶ್. “ನಮ್ಮವ್ವ ಸಂತೋಷ ಪಡ್ಲೇ ಇಲ್ಲ ಅಣ್ಣಾ. ಆಯಮ್ಮನ ಹೆಸರು ಗೊತ್ತಿಲ್ದಿದ್ರೂ ಸರಿ ಅಂತ ಬಾಗ್ಲಲ್ಲಿ ದೀಪ ಹಚ್ಚಿ ಕೂತವ್ಳೆ.”

ಮಾಯಿಲಪ್ಪ ತೆರೆದ ಬಾಯಿ ಮುಚ್ಚಿದ. ಕಂಬಳಿ ಜಾರಿದ ಆ ಕೈ ಕಣ್ಣ ಮುಂದೆ ಬಂತು. ಬೆಳಗಿನಿಂದ ಮೂರನೇ ಸಲ ಅವನಿಗೆ “ಬೇಡ” ಎನ್ನಲಾಗಲಿಲ್ಲ. ಎದೆ ಉರಿಯುತ್ತಿತ್ತು, ತನ್ನ ಮೇಲೋ, ಊರಿನ ಮೇಲೋ, ಆ ಮುದುಕಿಯ ದೀಪದ ಮೇಲೋ ತಿಳಿಯಲಿಲ್ಲ. ಅವನು ತುಳಸಿಯ ಕಡೆ ನೋಡಿದ. ಅವಳು ಎಲ್ಲ ಕೇಳಿಸಿಕೊಂಡಿದ್ದಳು. ಬಿಳಿ ಸೀರೆಯ ಸೆರಗಿನಿಂದ ಕಾಫಿ ಲೋಟದ ಬುಡ ಒರೆಸುತ್ತ, “ಕೊಡಿ” ಎಂದಳು. “ನನಗೆ ಮೈಸೂರು ಉಂಟಲ್ಲ. ಏಳೂಕಾಲಿನ ಬಸ್ಸಿಗೆ ಹೋಗುವ.”

“ಬೆಳಿಗ್ಗೆ ನಾಲ್ಕಕ್ಕೆ ಗಾಡಿ ನಿಮ್ಮ ಮನೆ ಮುಂದೆ ಇರ್ತದೆ” ಎಂದ ಮಾಯಿಲಪ್ಪ ಫೋನಿಗೆ. “ಬೆಳ್ಳಿಯಪ್ಪ ದಾರಿ ತೋರಿಸ್ತಾನೆ, ನಮ್ಮ ಎಸ್ಟೇಟಿನ ಡ್ರೈವರ್ ತರ್ತಾನೆ.”

ಹೆಣ ಹೊರಲು ಬಂದಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ಎದ್ದು, ಟಾರ್ಚು ಹಿಡಿದು, ಜೀಪು ತಳ್ಳಲು ತಿರುವಿನ ಕಡೆಗೆ ಹೊರಟರು. ದೇರಪ್ಪನವರು ಕೋವಿಯನ್ನು ಜಗಲಿಯ ಮೂಲೆಗೆ ಒರಗಿಸಿ ಅವರ ಹಿಂದೆ ನಡೆದರು.

ಸತೀಶ್ ಇನ್ನೂ ಫೋನು ಇಟ್ಟಿರಲಿಲ್ಲ. “ಒಂದು ಹೇಳೋದೇ ಮರ್ತಿದ್ದೆ ಕಣಣ್ಣಾ. ಇಳಿಜಾರಲ್ಲಿ ಕಾಲು ಎತ್ತಿದ್ರೆ ಒಂದೊಂದ್ಸಲ ಎರಡು ಸದ್ದು ಮಾಡ್ತದೆ. ಹೆದ್ರಕಬ್ಯಾಡಿ, ಅದ್ರಿಂದ ಯಾರಿಗೂ ಏನೂ ಆಗಲ್ಲ.”

“ಹೌದು” ಎಂದ ಮಾಯಿಲಪ್ಪ. “ಯಾರಿಗೂ ಏನೂ ಆಗಲಿಲ್ಲ.”